ಜಿಂಕೆಗೊಂದು ಬೆಟ್ಟ

ನಾವು ಈ ಮನೆಗೆ ಬಂದ ಮೊದಲ ಅಕ್ಟೋಬರಿನಲ್ಲಿ ಪಕ್ಕದ ಜಮೀನಿನ ಅಜ್ಜ ಒಂದು ಡಜನ್ ಮೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದು ಹೇಳಲು ಸಂಕೋಚವಾಗಿ ಇಸಿದುಕೊಂಡೆ. ಹವೆಯ ಬಗ್ಗೆ, ರಸ್ತೆಯ ಬಗ್ಗೆ ನಾಲ್ಕು ಮಾತು ಆದ ಮೇಲೆ ಅವರು ಬಂದ ಕೆಲಸ ಹೇಳಿದರು. ಹಿಂದಿನ ಮಾಲೀಕರು ಇದ್ದಾಗ ಸುಮಾರು ನಲವತ್ತು ವರ್ಷ ಅವರು ನವೆಂಬರಿನ ಒಂಬತ್ತು ದಿನ ನಮ್ಮ ಹಿಂದಿನ ಕಾಡಿನಲ್ಲಿ ಜಿಂಕೆ ಬೇಟೆಗೆ ಕೂರುತ್ತಿದ್ದರಂತೆ. ಈ ವರ್ಷವೂ ಕೂರಬಹುದೇ ಎಂದು ಕೇಳಿದರು.

ನಾನು ಬೇಡ ಎಂದೆ. ನಾವು ಸಸ್ಯಾಹಾರಿಗಳು, ಮನೆಯಲ್ಲಿ ಚಿಕ್ಕ ಮಗಳಿದ್ದಾಳೆ, ಕ್ಷಮಿಸಿ ಎಂದೆ. ಅವರು ಒಂದು ಕ್ಷಣ ಕಾಡಿನ ಕಡೆ ನೋಡಿ, "ನಿಮ್ಮ ಜಾಗ, ನಿಮ್ಮ ಮಾತು" ಎಂದು ಟೋಪಿ ಹಾಕಿಕೊಂಡು ಹೊರಟುಹೋದರು. ಆವತ್ತು ನನಗೆ ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು. ಹಿಂದಿನ ಕಾಡಿನ ಜಿಂಕೆಗಳೆಲ್ಲ ನನಗೆ ಒಂದು ಧನ್ಯವಾದ ಬಾಕಿ ಇಟ್ಟುಕೊಂಡಿವೆ ಎಂಬಂತೆ ರಾತ್ರಿ ಕಿಟಕಿಯಲ್ಲಿ ನಿಂತು ನೋಡಿದ್ದೆ.

ಇದು 2016ರ ಮಾತು. ಮನೆ ಇರುವುದು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯಲ್ಲಿ. ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಹಿಮನದಿಗಳು ಉಜ್ಜಿ ಸಪಾಟು ಮಾಡಿದಾಗ ಈ ಮೂಲೆಯೊಂದು ತಪ್ಪಿಸಿಕೊಂಡಿತಂತೆ. ಹಾಗಾಗಿ ಇಲ್ಲಿ ಗುಡ್ಡ, ಕಣಿವೆ, ತೊರೆ ಎಲ್ಲ ಇವೆ. ಶಿರಸಿಯ ಕಡೆ ಹುಟ್ಟಿ ಬೆಳೆದ ನನಗೆ ಸಪಾಟು ನೆಲ ಎಂದರೆ ಮೊದಲಿನಿಂದಲೂ ಅಲರ್ಜಿ. ಹದಿನೆಂಟು ಎಕರೆಯಲ್ಲಿ ಒಂದೂವರೆ ಎಕರೆ ಮನೆ ಮತ್ತು ಅಂಗಳ, ಎರಡು ಎಕರೆ ಪಾಳುಬಿದ್ದ ಹುಲ್ಲುಗಾವಲು, ಉಳಿದದ್ದು ಓಕ್ ಮರಗಳ ಕಾಡು. ಈ ಗುಡ್ಡಗಳೆಲ್ಲ ಒಂದು ಕಾಲಕ್ಕೆ ಹೋ-ಚಂಕ್ ಜನರವು. ಆಮೇಲೆ ಸರ್ಕಾರ ಚದರ ಮೈಲಿಯ ಚೌಕಗಳಾಗಿ ಅಳೆದು ಹಂಚಿತು. ಒಂದು ಚದರ ಮೈಲಿ ಎಂದರೆ 640 ಎಕರೆ, ಅದರ ಹದಿನಾರನೇ ಒಂದು ಪಾಲು 40 ಎಕರೆ. ಇಲ್ಲಿನ ರೈತರು ಇಂದಿಗೂ "ಹಿಂದಿನ ನಲವತ್ತು" ಎಂದೇ ಮಾತಾಡುವುದು. ಪಕ್ಕದ ಅಜ್ಜನದು ಸರಿಯಾಗಿ ಒಂದು ನಲವತ್ತು. ಹಿಂದೆ ಡೈರಿ ಇಟ್ಟಿದ್ದರು. ನನ್ನ ಮಗಳು ಅವರಿಗೆ "ಹಾಲಜ್ಜ" ಎಂದು ಹೆಸರಿಟ್ಟಳು. ಅದನ್ನು ಅವರ ಬಾಯಲ್ಲಿ ಹೇಳಿಸಲು ಅವಳು ಪಟ್ಟ ಪಾಡು ಬೇರೆಯೇ ಕತೆ. "ಳ" ಬರುವ ಹೆಸರಿಟ್ಟಿದ್ದರೆ ಅಜ್ಜ ಊರು ಬಿಡುತ್ತಿದ್ದರೇನೋ.

ಜಿಂಕೆಗಳು ದಿನಾ ಕಾಣುತ್ತಿದ್ದವು. ಇವು ನಮ್ಮ ಚುಕ್ಕೆ ಜಿಂಕೆಗಳಲ್ಲ, ಬಿಳಿಬಾಲದ ಜಿಂಕೆಗಳು. ಬೆದರಿದಾಗ ಬಾಲ ಎತ್ತಿ ಬಿಳಿ ಬಾವುಟ ಹಾರಿಸಿಕೊಂಡು ಓಡುತ್ತವೆ. ಮರಿಗಳಿಗೆ ಮಾತ್ರ ಮೈಮೇಲೆ ಚುಕ್ಕೆ. ಫೋನಿನಲ್ಲಿ ಆಯಿಗೆ ಹೇಳಿದಾಗ, "ಜಿಂಕೆ ಹಿಂದೆ ಹೋದವರ ಕತೆ ಗೊತ್ತಿದ್ದಲ್ಲ" ಎಂದು ನಕ್ಕಿದ್ದಳು.

ಎರಡನೇ ವಸಂತದಲ್ಲಿ ನಾನು ಇಪ್ಪತ್ತೈದು ಓಕ್ ಸಸಿಗಳನ್ನು ತಂದು ಹುಲ್ಲುಗಾವಲಿನ ಅಂಚಿನಲ್ಲಿ ನೆಟ್ಟೆ. ಜೂನ್ ಮುಗಿಯುವಷ್ಟರಲ್ಲಿ ಇಪ್ಪತ್ತೈದೂ ಕಡ್ಡಿಗಳಾಗಿದ್ದವು. ಅಂಗಳದ ಹೂವು ಹೋಯಿತು, ಬೀನ್ಸ್ ಹೋಯಿತು. ಅದಕ್ಕೆ ಬೇಸರವಾಗಲಿಲ್ಲ. ಊರಿನಲ್ಲಿ ಮಂಗ, ಹಂದಿ, ಕಾಡುಕೋಣ ಎಲ್ಲದರ ಪಾಲು ತೆಗೆದಿಟ್ಟೇ ಬೆಳೆದವರು ನಾವು. ಆದರೆ ಕಾಡಿನೊಳಗೆ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನೂರಾರು ವರ್ಷದ ಓಕ್ ಮರಗಳಿವೆ. ಅವುಗಳ ಕೆಳಗೆ ಅವುಗಳ ಮಕ್ಕಳಿಲ್ಲ. ಮೊಣಕಾಲೆತ್ತರದ ಓಕ್ ಇಲ್ಲ, ಸೊಂಟದೆತ್ತರದ್ದು ಇಲ್ಲ, ಆಳೆತ್ತರದ್ದೂ ಇಲ್ಲ. ಬರೀ ಅಜ್ಜ ಅಜ್ಜಿಯರೇ ಉಳಿದಿರುವ ನಮ್ಮ ಮಲೆನಾಡಿನ ಹಳ್ಳಿಗಳ ಹಾಗೆ ಕಂಡಿತು. ಜಿಂಕೆಯ ಬಾಯಿ ಎಟುಕುವಷ್ಟು ಎತ್ತರದವರೆಗೆ, ಯಾರೋ ಅಡ್ಡಗೆರೆ ಎಳೆದ ಹಾಗೆ, ಹಸಿರು ಬೋಳಾಗಿತ್ತು. ನೆಲದಲ್ಲಿ ಬಕ್‌ಥಾರ್ನ್ ಎಂಬ ಮುಳ್ಳುಪೊದೆ ಮತ್ತು ಬೆಳ್ಳುಳ್ಳಿ ವಾಸನೆಯ ಸಾಸಿವೆ ಗಿಡ. ಎರಡೂ ಯುರೋಪಿನಿಂದ ಬಂದ ಕಳೆಗಳು, ಎರಡೂ ಜಿಂಕೆಗೆ ಅಷ್ಟು ರುಚಿಸದವು.

ಯಾವುದೋ ಪುಸ್ತಕದಲ್ಲಿ ಓದಿ, ಕಾಡಿನ ನಡುವೆ ಹತ್ತಡಿ ಉದ್ದ ಹತ್ತಡಿ ಅಗಲದ ಜಾಗಕ್ಕೆ ಎತ್ತರದ ತಂತಿ ಬೇಲಿ ಹಾಕಿದೆ. ಒಳಗೆ ಏನನ್ನೂ ನೆಡಲಿಲ್ಲ. ಎರಡು ವರ್ಷ ಬಿಟ್ಟೆ, ಅಷ್ಟೇ. ಮೂರನೇ ಮೇ ತಿಂಗಳಲ್ಲಿ ಒಳಗೆ ಮೂರು ಬಿಳಿ ಎಸಳಿನ ಟ್ರಿಲಿಯಂ ಹೂವು ಅರಳಿತ್ತು. ಒಂಬತ್ತು ಓಕ್ ಸಸಿಗಳಿದ್ದವು. ಬೇಲಿಯ ಹೊರಗೆ ಒಂದೂ ಇರಲಿಲ್ಲ. ಬೇಲಿಯೊಳಗೆ ಕೂತು ಸಸಿ ಎಣಿಸುತ್ತಿದ್ದ ಮಗಳು, "ಅಮ್ಮಾ, ಕಾಡು ಜೈಲಿನಲ್ಲಿದೆ" ಎಂದಳು. ಅವಳಿಗಾಗ ಎಂಟು ವರ್ಷ.

ಅದೇ ವರ್ಷ, 2019ರ ಶರತ್ಕಾಲದಲ್ಲಿ, ಆ ಜಿಂಕೆ ಬಂತು.

ಕೆಳಗಿನ ತೊರೆಯ ಪಕ್ಕ ಒಂದು ಹೆಣ್ಣು ಜಿಂಕೆ ನಿಂತಿತ್ತು. ಬೆಳಿಗ್ಗೆ ನೋಡಿದಾಗಲೂ ಅಲ್ಲೇ, ಸಂಜೆಯೂ ಅಲ್ಲೇ. ಮರುದಿನ ಹತ್ತಿರ ಹೋದೆ. ಓಡಲಿಲ್ಲ. ಪಕ್ಕೆಲುಬು ಎಣಿಸಬಹುದಿತ್ತು. ತಲೆ ಕೆಳಗೆ ಜೋತಿತ್ತು, ಕಿವಿ ಇಳಿಬಿದ್ದಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನನ್ನನ್ನು ನೋಡಿತು, ಆದರೆ ಆ ನೋಟದಲ್ಲಿ ಭಯವೇ ಇರಲಿಲ್ಲ. ಜಿಂಕೆಯ ಕಣ್ಣಿನಲ್ಲಿ ಭಯ ಇಲ್ಲದಿರುವುದು ಎಷ್ಟು ಭಯಂಕರ ಎಂದು ನನಗೆ ಆವತ್ತು ಗೊತ್ತಾಯಿತು.

ಯಾರಿಗೆ ಹೇಳಬೇಕೆಂದು ತಿಳಿಯದೆ ಹಾಲಜ್ಜನಿಗೆ ಫೋನು ಮಾಡಿದೆ. ಅವರು ಬಂದು ದೂರದಿಂದಲೇ ನೋಡಿ ಒಂದೇ ಮಾತು ಹೇಳಿದರು: ಸೊರಗುವ ರೋಗ. ವಿಸ್ಕಾನ್ಸಿನ್‌ನಲ್ಲಿ ಅದು ಮೊದಲು ಪತ್ತೆಯಾದದ್ದು 2002ರಲ್ಲಿ, ಇದೇ ಸೀಮೆಯಲ್ಲಿ. ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಪ್ರಿಯಾನ್ ಎಂಬ, ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನು. ಮಿದುಳನ್ನು ನಿಧಾನಕ್ಕೆ ತಿನ್ನುತ್ತದೆ. ಔಷಧಿ ಇಲ್ಲ, ಬದುಕಿದ ಜಿಂಕೆ ಇಲ್ಲ. ಜೊಲ್ಲಿನಿಂದ, ಮೂತ್ರದಿಂದ, ಸತ್ತ ದೇಹದಿಂದ ಹರಡುತ್ತದೆ. ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಮನುಷ್ಯರಿಗೆ ತಗುಲಿದ ಉದಾಹರಣೆ ಇಲ್ಲದಿದ್ದರೂ ರೋಗ ಇರುವ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಜಿಂಕೆಗಳು ಒತ್ತೊತ್ತಾಗಿ ಒಂದೇ ಕಡೆ ಮೇಯ್ದಷ್ಟೂ ಒಂದರಿಂದ ಒಂದಕ್ಕೆ ದಾಟುವುದು ಸುಲಭ. ಬೇಟೆಯಿಲ್ಲದ ಜಾಗ ಎಂದು ಗೊತ್ತಾದ ಮೇಲೆ, ನವೆಂಬರಿನಲ್ಲಿ ಸುತ್ತಲ ಗುಂಡಿನ ಸದ್ದಿಗೆ ಬೆದರಿದ ಜಿಂಕೆಗಳೆಲ್ಲ ಬಂದು ನನ್ನ ಹದಿನೆಂಟು ಎಕರೆಯಲ್ಲಿ ಸೇರುತ್ತಿದ್ದವು. ನಾನು ಅದನ್ನು ನನ್ನ ಪುಣ್ಯ ಎಂದುಕೊಂಡಿದ್ದೆ.

ಇಲಾಖೆಗೆ ಫೋನು ಮಾಡಿ, ಅವರ ಒಪ್ಪಿಗೆ ಪಡೆದು, ಹಾಲಜ್ಜ ಆ ಜಿಂಕೆಯನ್ನು ಮುಗಿಸಿದರು. ನಾನು ಮನೆಯೊಳಗೆ ಕುಕ್ಕರ್ ಇಟ್ಟುಕೊಂಡು ನಿಂತಿದ್ದೆ. ಗುಂಡಿನ ಸದ್ದು ಕೇಳಿದ್ದು ಒಂದೇ ಒಂದು ಸಲ. ಕುಕ್ಕರ್ ಎಷ್ಟು ಸಲ ಕೂಗಿತೋ ಲೆಕ್ಕ ತಪ್ಪಿ ಬೇಳೆ ತಳ ಹಿಡಿಯಿತು.

ಒಂದು ವಾರ ಬಿಟ್ಟು ಅವರ ಮನೆಗೆ ಹೋದೆ. ಈ ಸಲ ಬಾಗಿಲಲ್ಲಿ ನಿಂತವಳು ನಾನು, ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ. ಬೇಟೆಗೆ ಬನ್ನಿ ಎಂದೆ. ಅವರು ತಕ್ಷಣ ಹ್ಞೂಂ ಎನ್ನಲಿಲ್ಲ. "ಬರೀ ಹೊಡೆಯುವುದಾದರೆ ನನಗೂ ಬೇಡ. ಕಾಡಿನ ಕೆಲಸ ಮಾಡುವುದಾದರೆ ಬರುತ್ತೇನೆ" ಎಂದರು.

ಕಾಡಿನ ಕೆಲಸ ಎಂದರೆ ಏನು ಎಂದು ನಾನು ಕಲಿತದ್ದು ಮುಂದಿನ ಐದು ವರ್ಷಗಳಲ್ಲಿ. ಅದು ಬೇಟೆಗಿಂತ ಹೆಚ್ಚಾಗಿ ಬೇಸಾಯದ ಹಾಗಿರುತ್ತದೆ. ತೇಜಸ್ವಿಯವರು ಕನ್ನಡಕ್ಕೆ ತಂದ ಕೆನ್ನೆತ್ ಆಂಡರ್ಸನ್ ಕತೆಗಳನ್ನು ಓದಿ ಬೆಳೆದ ನನಗೆ ಬೇಟೆ ಎಂದರೆ ಮಚಾನು, ಚಂದ್ರನ ಬೆಳಕು, ನರಭಕ್ಷಕ. ಜಿಂಕೆಗೋಸ್ಕರ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವ ಬೇಟೆಗಾರರನ್ನು ನಾನು ಕಂಡಿರಲಿಲ್ಲ.

ಫೆಬ್ರವರಿಯಲ್ಲಿ ಮರ ಬಗ್ಗಿಸುವ ಕೆಲಸ. ಓಕ್ ಅನ್ನು ಮುಟ್ಟುವುದಿಲ್ಲ. ಅದಕ್ಕೆ ನೆರಳು ಕವಿದ ಬಾಕ್ಸ್ ಎಲ್ಡರ್‌ನಂಥ ಸಣ್ಣ ಮರಗಳನ್ನು ಎದೆಯೆತ್ತರದಲ್ಲಿ ಮುಕ್ಕಾಲು ಪಾಲು ಕೊಯ್ದು, ಉಳಿದ ಸಿಗಿಲು ಬಾಗಿಲಿನ ತಿರುಗಣೆಯ ಹಾಗೆ ಹಿಡಿದಿರುವಂತೆ ನಿಧಾನಕ್ಕೆ ಬಗ್ಗಿಸುತ್ತಾರೆ. ಮರ ಸಾಯುವುದಿಲ್ಲ, ಮಲಗಿಕೊಂಡೇ ಚಿಗುರುತ್ತದೆ. ಚಿಗುರು ಜಿಂಕೆಯ ಬಾಯಿಗೆ ಎಟುಕುತ್ತದೆ, ಕೊಂಬೆಗಳ ಮರೆ ಮಲಗಲು ಆಗುತ್ತದೆ, ಮೇಲೆ ತೆರೆದ ಆಕಾಶದಿಂದ ನೆಲಕ್ಕೆ ಬಿಸಿಲು ಬೀಳುತ್ತದೆ. ಹಾಲಜ್ಜ ಗರಗಸ ಹಿಡಿದರೆ ನಾನು ದೂರ ನಿಲ್ಲಬೇಕು. ಈ ಕೆಲಸದಲ್ಲಿ ಮರ ಯಾವ ಕಡೆ ಒದೆಯುತ್ತದೆ ಎಂದು ಹೇಳಲು ಬರುವುದಿಲ್ಲ.

ಮಾರ್ಚಿನಲ್ಲಿ ಬಿತ್ತನೆ. ರಾತ್ರಿ ನೆಲ ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಹೀಗೆ ಹಿಗ್ಗಿ ಕುಗ್ಗುವ ಮಣ್ಣಿನಲ್ಲಿ ಸಣ್ಣ ಸಣ್ಣ ಬಿರುಕು. ಬೆಳಿಗ್ಗೆ ಹೆಪ್ಪು ಬಿಡುವ ಮೊದಲೇ ಹೋಗಿ ಕ್ಲೋವರ್ ಬೀಜವನ್ನು ಬರೀ ಮೇಲೆ ಚೆಲ್ಲಿ ಬಂದರೆ ಸಾಕು. ಉಳುವುದು ಬೇಡ, ಮುಚ್ಚುವುದು ಬೇಡ, ನೆಲವೇ ನುಂಗಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಸಾಸಿವೆ ಕಳೆ ಕೀಳುವುದು. ಸೆಪ್ಟೆಂಬರಿನಲ್ಲಿ ಹುಲ್ಲುಗಾವಲಿನ ಅರ್ಧ ಎಕರೆಗೆ ರೈ ಬಿತ್ತುವುದು. ಅದು ಹಿಮ ಬೀಳುವವರೆಗೂ ಹಸಿರಾಗಿರುತ್ತದೆ. ಅಕ್ಟೋಬರಿನ ಕೊನೆಗೆ ಬಕ್‌ಥಾರ್ನ್ ಕಡಿಯುವುದು. ಬೇರೆ ಎಲ್ಲ ಮರ ಎಲೆ ಉದುರಿಸಿ ನಿಂತಾಗ ಅದೊಂದೇ ಹಸಿರಾಗಿ ಸಿಕ್ಕಿಬೀಳುತ್ತದೆ. ನಡುವಿನ ಐದು ಎಕರೆಗೆ ಮಾತ್ರ ನಾವು ವರ್ಷವಿಡೀ ಕಾಲಿಡುವುದಿಲ್ಲ. ಅದು ಅವುಗಳ ಮಲಗುವ ಕೋಣೆ. ಮನುಷ್ಯರ ವಾಸನೆ ಅಲ್ಲಿಗೆ ಹೋಗಬಾರದು.

ಒಂದು ಹೆಣ್ಣು ಜಿಂಕೆ ಕೆಲವು ನೂರು ಎಕರೆಯಲ್ಲಿ ಓಡಾಡಿಕೊಂಡಿರುತ್ತದೆ, ಗಂಡು ಅದಕ್ಕೂ ಹೆಚ್ಚು. ಹದಿನೆಂಟು ಎಕರೆ ಎಂದರೆ ಅದರ ಮನೆಯ ಒಂದು ಜಗಲಿ, ಅಷ್ಟೇ. "ಜಿಂಕೆ ನಮ್ಮದಲ್ಲ" ಎನ್ನುತ್ತಿದ್ದರು ಹಾಲಜ್ಜ. ಇದು ಬರೀ ತತ್ವವಲ್ಲ, ಇಲ್ಲಿನ ಕಾನೂನೂ ಹೌದು. ನೆಲ ನನ್ನದಾದರೂ ಅದರ ಮೇಲೆ ಓಡಾಡುವ ಕಾಡುಪ್ರಾಣಿ ರಾಜ್ಯದ ಜನರಿಗೆಲ್ಲ ಸೇರಿದ್ದು. ನನ್ನ ಜಾಗದಲ್ಲಿ ಬೇಟೆಯಾಡಲೂ ಪರವಾನಗಿ ಬೇಕು, ಕೊಂಬಿಲ್ಲದ ಜಿಂಕೆಗೆ ಬೇರೆ ಚೀಟಿ ಬೇಕು, ಹೊಡೆದದ್ದನ್ನು ಮರುದಿನ ಸಂಜೆ ಐದರೊಳಗೆ ನೋಂದಾಯಿಸಬೇಕು. ಮಾಂಸವನ್ನು ತಿನ್ನಬಹುದು, ಹಂಚಬಹುದು, ಮಾರುವಂತಿಲ್ಲ.

ಮಾರುವಂತಿಲ್ಲ ಎನ್ನುವುದರ ಹಿಂದೆ ಒಂದು ಚರಿತ್ರೆ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಾರುಕಟ್ಟೆಗಾಗಿ ಹೊಡೆದೂ ಹೊಡೆದೂ, 1900ರ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು 5 ಲಕ್ಷ ಬಿಳಿಬಾಲದ ಜಿಂಕೆಗಳಷ್ಟೇ ಉಳಿದಿದ್ದವು ಎಂದು ಅಂದಾಜು. ಆ ವರ್ಷ ಬಂದ ಲೇಸಿ ಕಾಯ್ದೆ ಕಳ್ಳಬೇಟೆಯ ಮಾಲನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದಕ್ಕೆ ತಡೆ ಹಾಕಿತು. 1937ರ ಇನ್ನೊಂದು ಕಾಯ್ದೆ ಕೋವಿ, ಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟಿತು. ಈಗ ಅವುಗಳ ಸಂಖ್ಯೆ 3 ಕೋಟಿಯ ಆಸುಪಾಸು. ಉಳಿಸಿದವರು ಗೆದ್ದರು. ಆದರೆ ಜಿಂಕೆಯನ್ನು ತಿನ್ನುವ ತೋಳ ಅಷ್ಟರಲ್ಲಿ ಸೋತಿತ್ತು. 1960ರ ಹೊತ್ತಿಗೆ ವಿಸ್ಕಾನ್ಸಿನ್‌ನಲ್ಲಿ ಒಂದೂ ಉಳಿದಿರಲಿಲ್ಲ. ಆಮೇಲೆ ಮರಳಿ ಬಂದವಾದರೂ ಉತ್ತರದ ದೊಡ್ಡ ಕಾಡುಗಳಲ್ಲೇ ಹೆಚ್ಚು.

ನಮ್ಮ ಮನೆಯಿಂದ ಈಶಾನ್ಯಕ್ಕೆ, ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ, ಬರಾಬೂ ಎಂಬ ಊರಿನ ಹತ್ತಿರ ಆಲ್ಡೊ ಲಿಯೋಪೋಲ್ಡ್ ಅವರ ಗುಡಿಸಲಿದೆ. 1935ರಲ್ಲಿ ಅವರು ಕೊಂಡದ್ದು ಸತ್ವ ಕಳೆದುಕೊಂಡ ಮರಳು ನೆಲ, ಅದರಲ್ಲಿ ಉಳಿದಿದ್ದ ಕಟ್ಟಡ ಒಂದು ಕೋಳಿಗೂಡು. ಅದನ್ನೇ ಗುಡಿಸಲು ಮಾಡಿಕೊಂಡು ಹೆಂಡತಿ ಮಕ್ಕಳೊಂದಿಗೆ ಸಾವಿರಾರು ಪೈನ್ ಸಸಿ ನೆಟ್ಟರು. ಅವರೂ ಬೇಟೆಗಾರರೇ. 1943ರಲ್ಲಿ ವಿಸ್ಕಾನ್ಸಿನ್ ಹೆಣ್ಣು ಜಿಂಕೆಗಳನ್ನೂ ಹೊಡೆಯಲು ಅವಕಾಶ ಕೊಟ್ಟಾಗ ಲಿಯೋಪೋಲ್ಡ್ ಅದರ ಪರವಾಗಿ ನಿಂತರು. ಬೇಟೆಗಾರರೇ ಸಿಡಿದೆದ್ದರು, ಅದನ್ನೊಂದು ಅಪರಾಧವೆಂದೇ ಕರೆದರು. ಗಂಡನ್ನು ಹೊಡೆಯುವುದು ಗಂಡಸುತನ, ಹೆಣ್ಣನ್ನು ಹೊಡೆಯುವುದು ಪಾಪ ಎಂಬ ಭಾವನೆ ಇಲ್ಲಿಯೂ ಇತ್ತು. ಆದರೆ ಜಿಂಕೆಯಲ್ಲಿ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ಗಂಡನ್ನಷ್ಟೇ ಹೊಡೆದರೆ ಗೋಡೆಗೆ ಕೊಂಬು ಸಿಗಬಹುದು, ಹಿಂಡು ಕಡಿಮೆಯಾಗುವುದಿಲ್ಲ. ಬಲಿತ ಹೆಣ್ಣು ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಕಾಡಿಗೆ ಉಸಿರಾಡಲು ಬಿಡಬೇಕೆಂದರೆ ಹೊಡೆಯಬೇಕಾದದ್ದು ಹೆಣ್ಣನ್ನು. ಹಾಲಜ್ಜ ಇದನ್ನು ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಗರಗಸದ ಹಲ್ಲು ಉಜ್ಜುತ್ತಿದ್ದರು.

ಅಪ್ಪನಿಗೆ ನಾನು ಈ ಕೆಲಸವನ್ನೆಲ್ಲ ಫೋನಿನಲ್ಲಿ ವರದಿ ಮಾಡುತ್ತಿದ್ದೆ. ಬೇಟೆಯ ಭಾಗವನ್ನು ಮಾತ್ರ ಬಿಟ್ಟು. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದವರಿಗೆ ಬೆಟ್ಟ ಎಂದರೆ ಪರ್ವತವಲ್ಲ. ತೋಟಕ್ಕೆ ಸೊಪ್ಪು, ದರಕು ತರುವ ಕಾಡು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬುದು ಬ್ರಿಟಿಷರ ಕಾಲದ ಲೆಕ್ಕ. ಅಲ್ಲಿ ನೆಲ ಸರ್ಕಾರದ್ದು, ಸೊಪ್ಪು ನಮ್ಮದು. ಇಲ್ಲಿ ನೆಲ ನನ್ನದು, ಜಿಂಕೆ ಸರ್ಕಾರದ್ದು. ಅಪ್ಪನಿಗೆ ಇದು ಬಹಳ ತಮಾಷೆಯಾಗಿ ಕಂಡಿತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬೆಟ್ಟಕ್ಕೆ ಹೋಗುತ್ತಿದ್ದೆ. ಸೊಪ್ಪು ಕಡಿಯಲು ಮರ ಹತ್ತಿದವರಿಗೆ ಅಪ್ಪ ಕೆಳಗಿನಿಂದ ಕೂಗಿ ಹೇಳುತ್ತಿದ್ದುದು ಒಂದೇ ಮಾತು: "ಕುಡಿ ಬಿಟ್ಟು ಕಡಿಯೋ." ತುದಿಯ ಕುಡಿ ಬಿಟ್ಟರೆ ಮರ ಮತ್ತೆ ಏಳುತ್ತದೆ. ಅದನ್ನೂ ಕಡಿದರೆ ಬೆಟ್ಟ ಬೋಳಾಗುತ್ತದೆ. ಕಡಿಯುವುದೇ ತಪ್ಪು ಎಂದು ಅಪ್ಪ ಯಾವತ್ತೂ ಹೇಳಲಿಲ್ಲ.

ಎರಡು ವರ್ಷದ ಹಿಂದೆ ಅಪ್ಪನ ಮೊಣಕಾಲು ಬೆಟ್ಟ ಹತ್ತುವುದನ್ನು ನಿಲ್ಲಿಸಿತು. ಆಳು ಸಿಗುವುದಿಲ್ಲ. ಬೆಟ್ಟದ ತುಂಬ ಯುಪಟೋರಿಯಂ ಹಬ್ಬಿದೆಯಂತೆ. ನಾನು ಯಥಾಪ್ರಕಾರ ಸಾಸಿವೆ ಕಳೆ ಕಿತ್ತ ಸುದ್ದಿ ಹೇಳುತ್ತಿದ್ದಾಗ ಅಪ್ಪ ಒಮ್ಮೆ, "ಅಲ್ಲಿ ಜಿಂಕೆಗೆ ಬೆಟ್ಟ ಮಾಡಿಕೊಟ್ಟಂಗೆ ಆತು, ಅಲ್ದಾ ಕೂಸೇ" ಎಂದ. ಅದರಲ್ಲಿ ಚುಚ್ಚು ಇರಲಿಲ್ಲ ಎಂದು ಈಗಲೂ ನಂಬುತ್ತೇನೆ. ಆದರೂ ಫೋನು ಇಟ್ಟ ಮೇಲೆ ಅರ್ಧ ಗಂಟೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಕಳೆದ ನವೆಂಬರಿನಲ್ಲಿ ಹಾಲಜ್ಜನಿಗೆ ಮರದ ಮೇಲಿನ ಅಟ್ಟಣೆ ಹತ್ತಲು ಆಗಲಿಲ್ಲ. ಸೊಂಟ ಕೈಕೊಟ್ಟಿತ್ತು. ಹುಲ್ಲುಗಾವಲಿನ ಅಂಚಿನಲ್ಲಿ ನೆಲದ ಮೇಲೆಯೇ ಒಂದು ಮರೆಗೂಡಾರ ಹಾಕಿಕೊಂಡರು. ಒಬ್ಬರೇ ಕೂರಬಾರದೆಂದು ಅವರ ಮಗಳು ದೂರದ ಊರಿನಿಂದ ತಾಕೀತು ಮಾಡಿದ್ದಳಂತೆ. ನನ್ನನ್ನು ಕೇಳಲಿಲ್ಲ. ಕೇಳುವುದಿಲ್ಲ ಎಂದು ಗೊತ್ತಿದ್ದೇ ನಾನು ಬರುತ್ತೇನೆ ಎಂದೆ.

ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ಶನಿವಾರ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ಕಾನೂನಿನ ಪ್ರಕಾರ ಬೇಟೆ ಶುರು. ನಾವು ಅದಕ್ಕೂ ಮುಂಚೆ ಹೋಗಿ ಕೂತೆವು. ಇಬ್ಬರೂ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿದ್ದೆವು. ಗಾಳಿ ವಾಯವ್ಯದಿಂದ, ನಮ್ಮ ಮುಖಕ್ಕೆ. ಹಾಗಾಗಿಯೇ ಅಲ್ಲಿ ಕೂತದ್ದು. ಫ್ಲಾಸ್ಕಿನಲ್ಲಿ ನನ್ನ ಕಷಾಯ, ಅವರ ಕಾಫಿ. ಕತ್ತಲೆ ತೆಳುವಾಗುತ್ತ ಮೊದಲು ರೈ ಹುಲ್ಲಿನ ಹಸಿರು ಕಂಡಿತು. ದೂರದ ಗುಡ್ಡಗಳಿಂದ ಒಂದು, ಎರಡು ಗುಂಡಿನ ಸದ್ದು.

ಏಳೂವರೆಗೆ ಮಲಗುವ ಕೋಣೆಯ ಕಡೆಯಿಂದ ಮೂರು ಜಿಂಕೆ ಬಂದವು. ಒಂದು ದೊಡ್ಡ ಹೆಣ್ಣು, ಹಿಂದೆ ಈ ವರ್ಷದ ಎರಡು ಮರಿಗಳು. ನವೆಂಬರಿಗೆ ಮರಿಗಳ ಚುಕ್ಕೆ ಮಾಸಿರುತ್ತದೆ, ಹಾಲು ಬಿಟ್ಟಿರುತ್ತವೆ, ತಾಯಿ ಇಲ್ಲದೆಯೂ ಚಳಿಗಾಲ ದಾಟಬಲ್ಲವು. ಇದನ್ನೆಲ್ಲ ನಾನು ಓದಿದ್ದೆ. ತಾಯಿ ಹತ್ತು ಹೆಜ್ಜೆ ಬಂದು ನಿಂತು ಮೂಗು ಎತ್ತಿತು. ಮತ್ತೆ ತಲೆ ತಗ್ಗಿಸಿ ಮೇಯಲು ಶುರು ಮಾಡಿತು. ಆ ಹುಲ್ಲು ನಾನು ಬಿತ್ತಿದ್ದು. ಆ ಮರಿಗಳು ಹುಟ್ಟಿದ್ದು ನಾನು ಕಾಲಿಡದೆ ಕಾಪಾಡಿದ ಐದು ಎಕರೆಯಲ್ಲಿ.

ಹಾಲಜ್ಜ ಕೋವಿ ಎತ್ತಿದರು. ಆಗ ನನ್ನ ಗಂಟಲು ಕೆರೆಯಿತು.

ನಾನು ಕೆಮ್ಮಿದ್ದರೆ ಸಾಕಿತ್ತು. ಮೂರು ಬಿಳಿ ಬಾವುಟ ಎದ್ದು ಕಾಡಿನೊಳಗೆ ಮಾಯವಾಗುತ್ತಿದ್ದವು. ಹಾಲಜ್ಜ ಒಂದು ಮಾತೂ ಆಡುತ್ತಿರಲಿಲ್ಲ. ವಯಸ್ಸಾದ ಹೆಂಗಸು, ಚಳಿಗೆ ಕೆಮ್ಮು ಬಂತು, ಯಾರನ್ನು ಬೈಯುವುದು? ಇಷ್ಟು ಸುಲಭವಾಗಿ ಒಂದು ಜೀವ ಉಳಿಸುವ ಅವಕಾಶ ನನಗೆ ಇನ್ನೊಮ್ಮೆ ಸಿಗಲಾರದು. ಮೂರು ವರ್ಷ ನಾನು ಮಾಡಿದ್ದು ಅದನ್ನೇ ಅಲ್ಲವೇ, ಮನೆಯೊಳಗೆ ಬೆಚ್ಚಗೆ ಕೂತು ಕೆಮ್ಮುತ್ತ ಇದ್ದದ್ದು? ತೊರೆಯ ಪಕ್ಕ ಜೊಲ್ಲು ಸುರಿಸುತ್ತ ನಿಂತ ಜಿಂಕೆ ನೆನಪಾಯಿತು. ಬೇಲಿಯೊಳಗಿನ ಒಂಬತ್ತು ಸಸಿ ನೆನಪಾದವು. ಅವು ಯಾವುದೂ ಆ ಕ್ಷಣಕ್ಕೆ ಸಮಾಧಾನ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ಲೆಕ್ಕ ಸರಿಯಾಗಿದ್ದರೂ ಎದುರಿಗೆ ನಿಂತು ಮೇಯುತ್ತಿರುವುದು ಲೆಕ್ಕವಲ್ಲ, ಒಂದು ತಾಯಿ.

ಉಗುಳು ನುಂಗಿದೆ. ಕೆಮ್ಮಲಿಲ್ಲ.

ಅದು ಇಪ್ಪತ್ತು ಮಾರು ಓಡಿ ಬಿತ್ತು. ಮರಿಗಳು ಕಾಡಿನ ಅಂಚಿನವರೆಗೆ ಹಾರಿ, ಅಲ್ಲಿ ನಿಂತು ಹಿಂದಕ್ಕೆ ನೋಡಿದವು. ಹಾಲಜ್ಜ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತರು, ಮೊದಲ ದಿನ ನಮ್ಮ ಬಾಗಿಲಲ್ಲಿ ನಿಂತ ಹಾಗೆಯೇ. ಆಮೇಲೆ ಹೊಟ್ಟೆ ಬಗೆಯುವಾಗ ಅವರಿಗೆ ಬಗ್ಗಲು ಆಗದೆ ಒಂದು ಕಾಲನ್ನು ನಾನೇ ಹಿಡಿದುಕೊಂಡೆ. ಚಳಿಯಲ್ಲಿ ಹಬೆ ಎದ್ದಿತು. ಜಠರದ ಚೀಲ ಸ್ವಲ್ಪ ಹರಿದು ಒಳಗಿನದು ಕಂಡಿತು. ಅಗಿದ ರೈ ಹುಲ್ಲು, ಓಕ್ ಕಾಯಿಯ ಚೂರುಗಳು. ಗುರುತು ಸಿಕ್ಕಿತು ನನಗೆ. ಬಿಸಿಯಾಗಿತ್ತು.

ತಲೆಯನ್ನು ಪರೀಕ್ಷೆಗೆಂದು ಇಲಾಖೆಯ ಪೆಟ್ಟಿಗೆಗೆ ಹಾಕಿ ಬಂದೆವು. ಕತ್ತಿನ ದುಗ್ಧಗ್ರಂಥಿಯಲ್ಲಿ ರೋಗ ಹುಡುಕುತ್ತಾರೆ. ಫಲಿತಾಂಶ ಬರುವವರೆಗೆ ಮಾಂಸ ಹಾಲಜ್ಜನ ಫ್ರೀಜರಿನಲ್ಲಿ ಕಾದಿತ್ತು. "ರೋಗ ಪತ್ತೆಯಾಗಿಲ್ಲ" ಎಂದು ಬಂತು. ಅದನ್ನು ಓದಿದಾಗ ಸಂತೋಷವಾಗಬೇಕೋ ಅಥವಾ ಆರೋಗ್ಯವಂತ ಪ್ರಾಣಿಯೊಂದು ಹೋಯಿತೆಂದು ದುಃಖವಾಗಬೇಕೋ ಗೊತ್ತಾಗಲಿಲ್ಲ. ಎರಡೂ ಆಯಿತು.

ಮಗಳಿಗೆ ಈಗ ಹದಿಮೂರು. ಆವತ್ತು ಸಂಜೆ ಎಲ್ಲ ಹೇಳಿದೆ, ಗಂಟಲು ಕೆರೆದದ್ದನ್ನೂ ಸೇರಿಸಿ. ಅವಳು ಕೇಳಿದಳು: "ಮನೆ ಕಟ್ಟಿಕೊಟ್ಟು, ಊಟ ಹಾಕಿ, ಆಮೇಲೆ ಕೊಲ್ಲೋದು. ಇದು ಮೋಸ ಅಲ್ವಾ ಅಮ್ಮಾ?"

ಹೌದು ಎನ್ನಬಹುದಿತ್ತು, ಅಲ್ಲ ಎಂದೂ ವಾದಿಸಬಹುದಿತ್ತು. ತೋಳ, ಸಸಿ, ರೋಗ, 1943, ಎಲ್ಲ ಬಾಯಿಯ ತುದಿಯಲ್ಲೇ ಇತ್ತು. ಕೊನೆಗೆ, "ಸ್ವಲ್ಪ ಮೋಸ ಇದೆ. ಅದಕ್ಕೇ ನಾನು ಅಲ್ಲಿ ಕೂತಿದ್ದೆ" ಎಂದೆ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೂಟು ಹಾಕಿಕೊಂಡು ಒಬ್ಬಳೇ ಕಾಡಿಗೆ ಹೋಗಿ ಬಂದು, ಬೇಲಿಯ ಹೊರಗೆ ಓಕ್ ಸಸಿ ಹನ್ನೊಂದಿವೆ, ಅದರಲ್ಲಿ ನಾಲ್ಕು ಕಚ್ಚಿಸಿಕೊಂಡಿವೆ ಎಂದು ವರದಿ ಒಪ್ಪಿಸಿದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಆ ಎರಡು ಮರಿಗಳು ರೈ ಹುಲ್ಲಿಗೆ ಬರುತ್ತಿವೆಯೇ ಎಂದು ದಿನಾ ಸಂಜೆ ನೋಡುವುದನ್ನು ಮಾತ್ರ ತಪ್ಪಿಸಲಿಲ್ಲ. ಜನವರಿಯವರೆಗೂ ಬರುತ್ತಿದ್ದವು. ಆಮೇಲೆ ಹಿಮದಲ್ಲಿ ಹೆಜ್ಜೆ ಕಂಡಿದ್ದೇವೆ. ಯಾರದ್ದು ಎಂದು ಹೇಗೆ ಹೇಳುವುದು.

ಫೆಬ್ರವರಿಯಲ್ಲಿ ಹಾಲಜ್ಜ ಮಗಳ ಊರಿಗೆ ಹೊರಟರು. ಸೊಂಟದ ಶಸ್ತ್ರಚಿಕಿತ್ಸೆ, ಆಮೇಲೆ ಅಲ್ಲೇ ಇರುವುದು. ನಲವತ್ತು ಎಕರೆಯನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಹೋಗುವ ಮುನ್ನ ಗರಗಸ, ಬೀಜ ಚೆಲ್ಲುವ ಯಂತ್ರ ಎರಡನ್ನೂ ನಮ್ಮ ಗ್ಯಾರೇಜಿನಲ್ಲಿ ಇಟ್ಟರು. ಕೋವಿಯ ಮಾತು ಎತ್ತಲಿಲ್ಲ. "1973ರಿಂದ ಈಚೆಗೆ ಹುಟ್ಟಿದವರು ಬೇಟೆಯ ಸುರಕ್ಷತೆಯ ತರಬೇತಿ ಪಾಸು ಮಾಡಿರಬೇಕು, ಇಲ್ಲದಿದ್ದರೆ ಪರವಾನಗಿ ಸಿಗುವುದಿಲ್ಲ" ಎಂದಷ್ಟೇ ಹೇಳಿ, ಹವೆಯ ಬಗ್ಗೆ ಮಾತಾಡಿದರು. ನಾನು ಹುಟ್ಟಿದ್ದು 1978ರಲ್ಲಿ. ಅದು ಅವರಿಗೆ ಗೊತ್ತು.

ಇವತ್ತು ಮಾರ್ಚಿನ ಮೊದಲ ಭಾನುವಾರ. ಬೆಳಿಗ್ಗೆ ಹೆಪ್ಪು ಬಿಡುವ ಮೊದಲು ಒಬ್ಬಳೇ ಹೋಗಿ ಕ್ಲೋವರ್ ಚೆಲ್ಲಿ ಬಂದೆ. ಹೋಗುವಾಗ ಅಪ್ಪನ ಫೋನು. ಊರಿನಲ್ಲಿ ಸಂಜೆ. ಪಕ್ಕದ ಮನೆಯ ಹುಡುಗನೊಬ್ಬ ಬೆಟ್ಟದ ಸೊಪ್ಪು ತಾನು ಕಡಿದುಕೊಳ್ಳುತ್ತೇನೆ, ಅರ್ಧ ನಮ್ಮ ತೋಟಕ್ಕೆ ಹಾಕಿಕೊಡುತ್ತೇನೆ ಎಂದು ಕೇಳಿದ್ದಾನಂತೆ. ಕೊಡಲಾ ಎಂದು ಅಪ್ಪ ನನ್ನನ್ನು ಕೇಳಿದ. ಅಪ್ಪ ನನ್ನನ್ನು ಬೆಟ್ಟದ ವಿಷಯ ಕೇಳಿದ್ದು ಇದೇ ಮೊದಲು. ಕೊಡು ಎಂದೆ. ಕುಡಿ ಬಿಟ್ಟು ಕಡಿಯಲು ಹೇಳು ಎಂದೆ. ಅಪ್ಪ ನಕ್ಕ. ಆಮೇಲೆ, ಇಷ್ಟು ವರ್ಷ ಬಿಟ್ಟಿದ್ದ ಬೇಟೆಯ ಭಾಗವನ್ನೂ ಹೇಳಿದೆ. ಫೋನು ಬಹಳ ಹೊತ್ತು ಸುಮ್ಮನಿತ್ತು. ಹಿಂದಿನಿಂದ ಕೊಟ್ಟಿಗೆಯ ದನದ ಗಂಟೆ ಕೇಳುತ್ತಿತ್ತು.

"ಚಳಿ ಇದ್ದಾ ಅಲ್ಲಿ?" ಎಂದ ಅಪ್ಪ.

"ಇದ್ದು" ಎಂದೆ.

"ಕೆಮ್ಮು ಇದ್ದರೆ ಕಷಾಯ ಕುಡಿ" ಎಂದು ಫೋನು ಇಟ್ಟ.

ಬೀಜ ಚೆಲ್ಲಿದ ಜಾಗವನ್ನು ಮಧ್ಯಾಹ್ನ ಮತ್ತೊಮ್ಮೆ ನೋಡಿ ಬಂದೆ. ನೆಲ ಕರಗಿ ಮೆತ್ತಗಾಗಿತ್ತು. ಅದರ ಮೇಲೆ ಎರಡು ಸಾಲು ಗೊರಸಿನ ಗುರುತು, ಪಕ್ಕಪಕ್ಕದಲ್ಲಿ, ಅಷ್ಟೇನೂ ದೊಡ್ಡವಲ್ಲ. ತರಬೇತಿಯ ಅರ್ಜಿ ಇನ್ನೂ ತುಂಬಿಲ್ಲ. ನವೆಂಬರಿಗೆ ಎಂಟು ತಿಂಗಳಿದೆ.